ತಾಲ್ಲೂಕಿನಿಂದ ಆರಂಭವಾಗಬೇಕಾದ ಸ್ನಾತಕೋತ್ತರ ಪದವಿ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂ.ಪಿ.ಎಚ್. ಬಗ್ಗೆ ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದರ ಬೆನ್ನಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳವು. ಈ ಸಲದ ಅಂಕಣವನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರು, ಉದ್ಯೋಗಗಳನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೆ, ನಮ್ಮ ಶಿಕ್ಷಣ ಸಂಸ್ಥೆಯು ವಿಶ್ವವಿದ್ಯಾಲಯದ ಸಂಯೋಜನೆ ಪಡೆದು ಎಂ.ಪಿ.ಎಚ್. ತರಗತಿಗಳನ್ನು ಆರಂಭಿಸಬೇಕೆಂದಿದೆ. ಕಟ್ಟಡ ಸಿದ್ಧವಿದೆ, ಗ್ರಂಥಾಲಯಕ್ಕೆ ಹಣ ತೆಗೆದಿರಿಸಿದ್ದೇವೆ, ಕಂಪ್ಯೂಟರ್ ಕೊಠಡಿಯೂ ಇದೆ. ಇನ್ನೇನು ಬೇಕು?
— ಆಡಳಿತ ಮಂಡಳಿಯ ಸದಸ್ಯರು, ವಿಜಯಪುರ

ಉತ್ತರ: ತಮ್ಮ ಪಟ್ಟಿಯಲ್ಲಿ ಒಂದು ತಾಲ್ಲೂಕು ಇಲ್ಲ. ಇದನ್ನು ನಾನು ವಿನೋದಕ್ಕೆ ಹೇಳುತ್ತಿಲ್ಲ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಹೇಗೋ ಸಾರ್ವಜನಿಕ ಆರೋಗ್ಯದ ವಿಭಾಗಕ್ಕೆ ತಾಲ್ಲೂಕು ಹಾಗೆ. ಹಾಸಿಗೆಗಳಿಲ್ಲದ ಆಸ್ಪತ್ರೆಯನ್ನು ತೋರಿಸಿ ಎಂ.ಬಿ.ಬಿ.ಎಸ್. ಆರಂಭಿಸುತ್ತೇವೆ ಎಂದರೆ ಯಾವ ಪರಿಶೀಲನಾ ತಂಡವೂ ಒಪ್ಪುವುದಿಲ್ಲ. ಆದರೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನೂ ಹಂಚಿಕೊಳ್ಳದೆ ಎಂ.ಪಿ.ಎಚ್. ನಡೆಸಿಬಿಡಬಹುದೆಂಬ ನಂಬಿಕೆ ನಮ್ಮಲ್ಲಿ ಹೇಗೋ ಬೇರೂರಿದೆ.

ಒಂದು ಸಣ್ಣ ಪ್ರಸಂಗವನ್ನು ಹೇಳುತ್ತೇನೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಕೃಷ್ಣಾ ತೀರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡ ಸುದ್ದಿ ಬಂದಿತ್ತು. ಸಾಮಾನ್ಯವಾಗಿ ಆಗುವಂತೆ ಟ್ಯಾಂಕಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಶಾಲೆಯ ಕೋಣೆಯಲ್ಲಿ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆದು ಸಲಾಯಿನ್ ಹಚ್ಚಿದ್ದರು. ಟ್ಯಾಂಕಿನ ನೀರು ಶುದ್ಧವಿದೆಯೆಂಬ ವರದಿ ಬಂದರೂ ಒಂದು ಓಣಿಯಲ್ಲಿ ಮಾತ್ರ ಹೊಸ ರೋಗಿಗಳು ಬರುತ್ತಲೇ ಇದ್ದರು. ನಮ್ಮ ಇಬ್ಬರು ವಿದ್ಯಾರ್ಥಿಗಳು ಆಶಾ ಕಾರ್ಯಕರ್ತೆಯೊಂದಿಗೆ ಮನೆ ಮನೆಗೆ ಹೋಗಿ, ಕಾಯಿಲೆ ಬಿದ್ದವರ ಮನೆಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕುತ್ತ ಬಂದರು. ನಳದಲ್ಲಿ ನೀರಿನ ಒತ್ತಡ ಕಡಿಮೆಯೆಂದು ಆ ಓಣಿಯವರು ಮನೆಯ ಮುಂದೆ ಗುಂಡಿ ತೋಡಿ, ನಳವನ್ನು ನೆಲಮಟ್ಟದಿಂದ ಎರಡಡಿ ಕೆಳಗೆ ಇಳಿಸಿಕೊಂಡಿದ್ದರು. ಪಕ್ಕದಲ್ಲೇ ಗಟಾರ. ಮಳೆ ಬಂದಾಗ ಗಟಾರದ ನೀರು ಗುಂಡಿಗೆ ಇಳಿಯುತ್ತಿತ್ತು. ವಾಟರ್‌ಮನ್ ವಾಲ್ವ್ ಬಂದ್ ಮಾಡಿದೊಡನೆ ಪೈಪು ಖಾಲಿಯಾಗುತ್ತ ಆ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ನಳಕ್ಕೆ ಮೊದಲು ಬರುತ್ತಿದ್ದುದು ಅದೇ. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಎಚ್.ಟು.ಎಸ್. ಪರೀಕ್ಷೆಯ ಬಾಟಲಿಗಳನ್ನು ತುಂಬಿಸಿ ನೋಡಿದೆವು. ಟ್ಯಾಂಕಿನಿಂದ ತೆಗೆದ ನೀರಿನ ಬಾಟಲಿ ಬಣ್ಣ ಬದಲಿಸಲಿಲ್ಲ. ಓಣಿಯ ಕೊನೆಯ ನಳದಿಂದ ಬೆಳಿಗ್ಗೆ ಹಿಡಿದ ಮೊದಲ ನೀರಿನ ಬಾಟಲಿ ಮರುದಿನಕ್ಕೆ ಕಪ್ಪಗಾಗಿತ್ತು.

ಇದು ಯಾವ ತರಗತಿಯಲ್ಲಿಯೂ ಕಲಿಸಲಾಗದ ಪಾಠವೆಂದಲ್ಲ. ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಹೇಳಿಸಿಕೊಂಡವರಿಗೂ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿದವರಿಗೂ ವ್ಯತ್ಯಾಸವಿದೆ, ಮತ್ತು ತಾವು ಕೊಡಲಿರುವ ಪದವಿಯ ಬೆಲೆಯೆಲ್ಲ ಆ ವ್ಯತ್ಯಾಸದಲ್ಲಿಯೇ ಇದೆ.

ಈ ಮಾತು ಹೊಸದಲ್ಲ. ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಸಾರ್ವಜನಿಕ ಆರೋಗ್ಯದ ಪ್ರತ್ಯೇಕ ಶಾಲೆ ಸ್ಥಾಪನೆಯಾಯಿತು. ಅದೇ ಪ್ರತಿಷ್ಠಾನದ ನೆರವಿನಿಂದ ಕಲ್ಕತ್ತದಲ್ಲಿ 1932ರಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಕಲ್ಕತ್ತದ ಸಂಸ್ಥೆಯವರು ಬೇಗನೆ ಅರಿತುಕೊಂಡದ್ದೇನೆಂದರೆ, ಪ್ರಯೋಗಾಲಯವಷ್ಟೇ ಇದ್ದರೆ ಸಾಲದು. ಹೀಗಾಗಿ ಸಿಂಗೂರಿನಲ್ಲಿ ಗ್ರಾಮೀಣ ಕೇಂದ್ರವನ್ನೂ ಚೇತ್ಲಾದಲ್ಲಿ ನಗರ ಕೇಂದ್ರವನ್ನೂ ತಮ್ಮದಾಗಿ ಮಾಡಿಕೊಂಡರು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯೂ ಸಮಾಜವನ್ನು ಅರಿತ ವೈದ್ಯರು ಬೇಕೆಂದು ಒತ್ತಿ ಹೇಳಿತು. ನಂತರದ ದಶಕಗಳಲ್ಲಿ ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲೂ ಕಮ್ಯುನಿಟಿ ಮೆಡಿಸಿನ್ (ಸಮುದಾಯ ವೈದ್ಯಕೀಯ) ಎಂಬ ಒಂದು ವಿಭಾಗ, ಒಂದು ಬಸ್ಸು, ಒಂದು ಗ್ರಾಮೀಣ ತರಬೇತಿ ಕೇಂದ್ರ ಬಂದವು. ಬಸ್ಸು ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಹಿಂದಿರುಗುವುದು ಮಾತ್ರ ವಾಡಿಕೆಯಾಗಿಬಿಟ್ಟಿತು.

1990ರ ದಶಕದಲ್ಲಿ ಆಫ್ರಿಕದಲ್ಲಿ ನಡೆದ ಒಂದು ಪ್ರಯತ್ನವನ್ನು ತಮ್ಮ ಮಂಡಳಿ ಗಮನಿಸಬೇಕು. ‘ಗೋಡೆಗಳಿಲ್ಲದ ಸಾರ್ವಜನಿಕ ಆರೋಗ್ಯ ಶಾಲೆ’ ಎಂಬ ಹೆಸರಿನಲ್ಲಿ ಜಿಂಬಾಬ್ವೆ, ಘಾನಾ, ಉಗಾಂಡಾ, ಮುಂದೆ ಏಷ್ಯಾದ ವಿಯೆಟ್ನಾಂಗಳಲ್ಲಿ ವಿಶ್ವವಿದ್ಯಾಲಯ ಮತ್ತು ಆರೋಗ್ಯ ಸಚಿವಾಲಯಗಳು ಒಟ್ಟಾಗಿ ಎಂ.ಪಿ.ಎಚ್. ನಡೆಸಿದವು. ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಇದು 1994ರಲ್ಲಿ ಆರಂಭವಾಯಿತು. ವಿದ್ಯಾರ್ಥಿಯು ಎರಡು ವರ್ಷಗಳ ಬಹುಭಾಗವನ್ನು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ, ಅಲ್ಲಿನ ಅಧಿಕಾರಿಯ ಕೈಕೆಳಗೆ ಕಳೆಯಬೇಕಿತ್ತು. ಪಾಠಕ್ಕಾಗಿ ಆಗಾಗ ವಿಶ್ವವಿದ್ಯಾಲಯಕ್ಕೆ ಬರಬೇಕಿತ್ತು. ನಮ್ಮಲ್ಲಿ ಕ್ರಮ ಇದಕ್ಕೆ ತಿರುಗುಮುರುಗಾಗಿದೆ.

ಆದ್ದರಿಂದ ಪಠ್ಯಕ್ರಮದ ಕರಡಿಗೆ ಕೈಹಾಕುವ ಮೊದಲು ತಾವು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ, ಒಂದು ವರ್ಷದಲ್ಲಿ ಅವರು ಲೆಕ್ಕ, ಪುರಾವೆಗಳಿಲ್ಲದೆ ತೆಗೆದುಕೊಳ್ಳಬೇಕಾಗಿ ಬರುವ ನಿರ್ಧಾರಗಳು ಯಾವುವೆಂದು ಕೇಳಿ ಬರೆದುಕೊಳ್ಳಬೇಕು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನೊಂದಿಗೆ ಊರು ಬಿಟ್ಟ ಬಸುರಿಯ ತಾಯಿ ಕಾರ್ಡನ್ನು ಯಾರು ನೋಡಬೇಕು? ಯಾವ ಊರಿನ ಕೊಳವೆಬಾವಿಯ ಫ್ಲೋರೈಡನ್ನು ಮೊದಲು ಪರೀಕ್ಷಿಸಬೇಕು? ನೆರೆ ಬರುವ ಮೊದಲು ಯಾವ ಉಪಕೇಂದ್ರದಲ್ಲಿ ಎಷ್ಟು ಓ.ಆರ್.ಎಸ್. ಪೊಟ್ಟಣಗಳಿರಬೇಕು? ತಮ್ಮ ಪಠ್ಯಕ್ರಮದ ಅರ್ಧದಷ್ಟು ಈ ಪಟ್ಟಿಯಿಂದಲೇ ಹುಟ್ಟುತ್ತದೆ. ಉಳಿದರ್ಧಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಮಾದರಿ ಪಠ್ಯಕ್ರಮವಿದೆ.

ಒಪ್ಪಂದವನ್ನು ಬರವಣಿಗೆಯಲ್ಲಿಯೇ ಮಾಡಿಕೊಳ್ಳಬೇಕು, ಏಕೆಂದರೆ ಬಾಯಿಮಾತಿನ ಒಪ್ಪಿಗೆಯು ಅಧಿಕಾರಿಯ ವರ್ಗಾವಣೆಯ ಆದೇಶದೊಂದಿಗೇ ಊರು ಬಿಡುತ್ತದೆ. ಮೊದಲ ಮೂರು ವರ್ಷ ಹತ್ತು-ಹನ್ನೆರಡು ಸೀಟುಗಳಿಗಿಂತ ಹೆಚ್ಚು ಬೇಡ. ಇನ್ನೊಂದು ಮಾತು. ಇಂಥ ಪ್ರಸ್ತಾವನೆಗಳು ನನ್ನ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಖರ್ಚಿನ ಪುಟವನ್ನು; ಅದರಲ್ಲಿ ವಾಹನ, ಡೀಸೆಲ್ ಮತ್ತು ಹಳ್ಳಿಯಲ್ಲಿ ಉಳಿಯುವ ವಿದ್ಯಾರ್ಥಿಯ ವಸತಿಯ ಬಾಬ್ತು ಇರದಿದ್ದರೆ ಮುಂದಿನ ಪುಟಗಳನ್ನು ಓದುವ ಉತ್ಸಾಹ ಉಳಿಯುವುದಿಲ್ಲ.

ಪ್ರಶ್ನೆ: ನಾನು ಬಿ.ಎ.ಎಂ.ಎಸ್. ಮುಗಿಸಿದ್ದೇನೆ. ಎಂ.ಪಿ.ಎಚ್. ಸೇರಬಹುದೇ? ಎಂ.ಡಿ. ಕಮ್ಯುನಿಟಿ ಮೆಡಿಸಿನ್‌ಗೂ ಇದಕ್ಕೂ ಏನು ಭೇದ? ಮುಗಿಸಿದವರಿಗೆ ನೌಕರಿ ಸಿಗುತ್ತದೆಯೇ? ಮನೆಯವರು ಕೇಳುತ್ತಿರುವುದು ಕೊನೆಯ ಪ್ರಶ್ನೆಯನ್ನು.
— ಆಯುರ್ವೇದ ಪದವೀಧರೆ, ಜಮಖಂಡಿ

ಉತ್ತರ: ಸೇರಬಹುದು. ಎಂ.ಡಿ. ಮೂರು ವರ್ಷಗಳದು, ಎಂ.ಬಿ.ಬಿ.ಎಸ್. ಆದವರಿಗೆ ಮಾತ್ರ, ಪ್ರವೇಶ ನೀಟ್ ಪಿ.ಜಿ. ಮೂಲಕ. ಎಂ.ಪಿ.ಎಚ್. ಸಾಮಾನ್ಯವಾಗಿ ಎರಡು ವರ್ಷಗಳದು. ಆಯುರ್ವೇದ, ದಂತವೈದ್ಯ, ನರ್ಸಿಂಗ್ ಓದಿದವರಿಗೂ, ಹಲವು ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯ, ಸಂಖ್ಯಾಶಾಸ್ತ್ರ ಓದಿದವರಿಗೂ ಅದು ತೆರೆದಿದೆ. ಎಂ.ಪಿ.ಎಚ್. ಪಡೆದ ಮಾತ್ರಕ್ಕೆ ಚಿಕಿತ್ಸೆ ಕೊಡುವ ಹೊಸ ಹಕ್ಕು ಯಾವುದೂ ಬರುವುದಿಲ್ಲ. ನಮ್ಮ ದೇಶದಲ್ಲಿ ಈ ಪದವಿಯನ್ನು ಮೊದಲು ತೆರೆದದ್ದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, 1997ರಲ್ಲಿ. ಈಗ ದೂರ ಹೋಗಬೇಕಾಗಿಲ್ಲ, ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದಲ್ಲಿಯೂ ಇದೆ.

ನೌಕರಿಯ ವಿಷಯದಲ್ಲಿ ತಮ್ಮ ಮನೆಯವರ ಅನುಮಾನ ಸರಿಯಾದದ್ದೇ. ಪದವೀಧರರು ವರ್ಷ ವರ್ಷ ಹೊರಬರುತ್ತಿದ್ದಾರೆ. ಸರಕಾರದಲ್ಲಿ ಈ ಪದವಿಗೆಂದೇ ಮೀಸಲಾದ ಕಾಯಂ ಹುದ್ದೆಗಳು ಆ ಪ್ರಮಾಣದಲ್ಲಿ ಇಲ್ಲ. ರೋಗ ಸರ್ವೇಕ್ಷಣೆ (ಎಲ್ಲಿ ಯಾವ ರೋಗ ಎಷ್ಟಿದೆ ಎಂಬ ನಿಗಾ), ಕ್ಷಯ, ಎಚ್.ಐ.ವಿ. ಕಾರ್ಯಕ್ರಮಗಳಲ್ಲಿ ಗುತ್ತಿಗೆಯ ಕೆಲಸಗಳಿವೆ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ ಅವಕಾಶವಿದೆ. ಪ್ರತಿಯೊಂದು ರಾಜ್ಯದಲ್ಲಿ ಸಾರ್ವಜನಿಕ ಆರೋಗ್ಯ ನಿರ್ವಹಣೆಯ ಪ್ರತ್ಯೇಕ ವೃಂದವಿರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು; 2022ರಲ್ಲಿ ಕೇಂದ್ರವು ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ತಮಿಳುನಾಡಿಗೆ ಈ ಉಪದೇಶ ಬೇಕಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ 1939ರಲ್ಲಿಯೇ ಸಾರ್ವಜನಿಕ ಆರೋಗ್ಯದ ಕಾಯಿದೆ ಬಂದು, ಅದಕ್ಕೆಂದೇ ಬೇರೆ ನಿರ್ದೇಶನಾಲಯ, ಬೇರೆ ಬಡ್ತಿಯ ಏಣಿ ಇವೆ. ಹುದ್ದೆಯಿದ್ದಲ್ಲಿ ಓದು ತಾನಾಗಿ ಬೆಳೆದಿದೆ. ಹುದ್ದೆಯನ್ನು ಮರೆತು ಪದವಿಯನ್ನಷ್ಟೇ ತೆರೆದ ಕಡೆಗಳಲ್ಲಿ ಮಕ್ಕಳು ಪ್ರಮಾಣಪತ್ರ ಹಿಡಿದು ಊರೂರು ಅಲೆಯುತ್ತಾರೆ. ಹೊಸ ವಿಭಾಗ ತೆರೆಯುವ ಯಾವುದೇ ವಿಶ್ವವಿದ್ಯಾಲಯವು ‘ನಮ್ಮ ಪದವೀಧರರನ್ನು ಯಾರು, ಯಾವ ಹುದ್ದೆಗೆ ತೆಗೆದುಕೊಳ್ಳುತ್ತಾರೆ’ ಎಂಬ ಪ್ರಶ್ನೆಗೆ ಪ್ರವೇಶದ ಜಾಹೀರಾತಿನಲ್ಲಿಯೇ ಉತ್ತರ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ತಮಗೆ ನನ್ನ ಸಲಹೆ: ಸೇರುವ ಮೊದಲು ಆ ವಿಭಾಗದ ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳೊಡನೆ ಮಾತನಾಡಿ. ಎಷ್ಟು ದಿನ ಹಳ್ಳಿಯಲ್ಲಿದ್ದರು, ಯಾವ ರಿಜಿಸ್ಟರ್‌ಗಳನ್ನು ತೆರೆದು ನೋಡಿದರು ಎಂದು ಕೇಳಿ. ಅವರು ವಿಚಾರ ಸಂಕಿರಣಗಳ ಫೋಟೊಗಳನ್ನಷ್ಟೇ ತೋರಿಸಿದರೆ ಅರ್ಜಿಯ ಹಣವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ನಾನು ಆರೋಗ್ಯ ಇಲಾಖೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿರುವ ವೈದ್ಯಾಧಿಕಾರಿ. ಎರಡು ವರ್ಷ ರಜೆ ಹಾಕಿ ಓದಲು ಸಾಧ್ಯವಿಲ್ಲ. ನಮ್ಮಂಥವರಿಗೆ ಏನು ದಾರಿ?
— ವೈದ್ಯಾಧಿಕಾರಿ, ಬಾಗಲಕೋಟೆ ಜಿಲ್ಲೆ

ಉತ್ತರ: ಹೊಸ ವಿಭಾಗವೊಂದು ಮೊದಲು ಕಣ್ಣಿಡಬೇಕಾದುದು ತಮ್ಮಂಥವರ ಮೇಲೆಯೇ. ಇಪ್ಪತ್ತೆರಡರ ಪದವೀಧರನಿಗೆ ತಾಲ್ಲೂಕನ್ನು ಪರಿಚಯಿಸಲು ಒಂದು ವರ್ಷ ಹಿಡಿಯುತ್ತದೆ. ತಮಗೆ ತಾಲ್ಲೂಕು ಗೊತ್ತು, ಕೊರತೆಯಿರುವುದು ಲೆಕ್ಕದ ವಿದ್ಯೆಯಲ್ಲಿ ಮಾತ್ರ.

ಇದಕ್ಕೆ ಮಾದರಿಗಳಿವೆ. ಅಮೆರಿಕದಲ್ಲಿ 1951ರಲ್ಲಿ ಆರಂಭವಾದ ‘ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವೀಸ್’ ಎಂಬ, ರೋಗಗಳ ಹಬ್ಬುವಿಕೆಯನ್ನು ತನಿಖೆ ಮಾಡುವವರ ತರಬೇತಿಯು ಕೆಲಸ ಮಾಡುತ್ತಲೇ ಕಲಿಯುವ ಪದ್ಧತಿಯನ್ನು ತಂದಿತು. ಥೈಲೆಂಡ್ 1980ರಲ್ಲಿ ಅದನ್ನು ತನ್ನ ನೆಲಕ್ಕೆ ಹೊಂದಿಸಿಕೊಂಡಿತು. ನಮ್ಮಲ್ಲಿ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆಯು 2001ರಲ್ಲಿ ಅನ್ವಯಿಕ ಎಪಿಡೆಮಿಯಾಲಜಿಯ (ರೋಗ ಯಾರಲ್ಲಿ, ಎಲ್ಲಿ, ಏಕೆ ಹರಡುತ್ತದೆಂಬುದರ ಅಧ್ಯಯನ) ಸ್ನಾತಕೋತ್ತರ ಪದವಿಯನ್ನು ತೆರೆದಾಗ, ರಾಜ್ಯಗಳ ಆರೋಗ್ಯ ಇಲಾಖೆಗಳಲ್ಲಿ ಕೆಲಸದಲ್ಲಿರುವವರನ್ನು ಕರೆದು, ಕೆಲವು ವಾರ ಚೆನ್ನೈಯಲ್ಲಿ ಪಾಠ, ಉಳಿದ ತಿಂಗಳು ತಮ್ಮ ತಮ್ಮ ಜಿಲ್ಲೆಯಲ್ಲಿಯೇ ಕೆಲಸ ಎಂಬ ವ್ಯವಸ್ಥೆ ಮಾಡಿತು. ದಕ್ಷಿಣ ಆಫ್ರಿಕದ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯವು ನೌಕರಿಯಲ್ಲಿರುವ ಆರೋಗ್ಯ ಕಾರ್ಯಕರ್ತರಿಗಾಗಿ ಬೇಸಿಗೆ ಮತ್ತು ಚಳಿಗಾಲದ ಶಾಲೆಗಳನ್ನು ನಡೆಸುತ್ತ ಬಂದಿದೆ.

ನಮ್ಮ ಮೂರು ಜಿಲ್ಲೆಗಳಿಗೆ ಇದೇ ಒಗ್ಗುತ್ತದೆ. ಹತ್ತು ದಿನಗಳ ಪಾಠವನ್ನು ವರ್ಷಕ್ಕೆ ನಾಲ್ಕು ಸಲ ಇಟ್ಟು, ಮಧ್ಯದ ಅವಧಿಗೆ ತಮ್ಮ ಕಚೇರಿಯ ಕೆಲಸವನ್ನೇ ಅಭ್ಯಾಸವಾಗಿ ಕೊಡಬಹುದು. ಒಂದು ಅವಧಿಯಲ್ಲಿ ಸರ್ವೇಕ್ಷಣೆಯ ವಾರದ ವರದಿಗಳ ವಿಶ್ಲೇಷಣೆ, ಮತ್ತೊಂದರಲ್ಲಿ ಒಂದು ರೋಗಪ್ರಕರಣದ ತನಿಖೆ, ಮೂರನೆಯದರಲ್ಲಿ ಲಸಿಕೆಯ ಶೀತಸರಪಳಿಯ (ಅದನ್ನು ಕೊನೆಯವರೆಗೂ ತಂಪಾಗಿಡುವ ವ್ಯವಸ್ಥೆ) ಪರಿಶೀಲನೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪೂರ್ತಿ ದೂರಶಿಕ್ಷಣದ ಪದವಿಗೆ ಹಣ ಕಟ್ಟುವ ಮೊದಲು ಅದಕ್ಕೆ ಯು.ಜಿ.ಸಿ. ಅನುಮತಿ ಇದೆಯೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಡಾಕ್ಟರರಲ್ಲದ ನಮಗೆ ಇಂಥ ವಿಭಾಗದಲ್ಲಿ ಗೌರವದ ಸ್ಥಾನವಿರುತ್ತದೆಯೇ? ನಮ್ಮ ಕಡೆಯ ಕಾಲೇಜುಗಳಲ್ಲಿ ನಿಜವಾದ ಸಂಶೋಧನೆ ಸಾಧ್ಯವೇ, ಅಥವಾ ಪ್ರಬಂಧ ಬರೆದು ಬೈಂಡು ಮಾಡಿಸಿ ಇಡುವುದಷ್ಟೇ ಆಗುತ್ತದೆಯೇ?
— ಸಂಖ್ಯಾಶಾಸ್ತ್ರದ ಉಪನ್ಯಾಸಕರು, ಬೆಳಗಾವಿ

ಉತ್ತರ: ಎರಡನೆಯ ಪ್ರಶ್ನೆಗೆ ತಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಒಳ್ಳೆಯದು, ಆದರೆ ಅದನ್ನು ತಂಪಿನಲ್ಲಿಡಬೇಕು, ಸೂಜಿ ಬೇಕು, ಚುಚ್ಚಲು ಬಲ್ಲವರು ಬೇಕು. ಮನೆಯಲ್ಲೇ ಹೆರಿಗೆಗಳಾಗುತ್ತಿದ್ದ ಕಾಲದಲ್ಲಿ ಹಳ್ಳಿಯ ದಾದಿಯ ಚೀಲದಲ್ಲಿ ಇವು ಇರುತ್ತಿರಲಿಲ್ಲ. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ನುಂಗಿಸಿದರೆ ಸಾಕು. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ, 2002ರಿಂದ 2005ರವರೆಗೆ ಇದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಉಪಕೇಂದ್ರದ ಸಹಾಯಕ ದಾದಿಯರು. ಹೋಲಿಕೆಗಾಗಿ ಔಷಧವಿಲ್ಲದ ಬರಿಯ ತೋರಿಕೆಯ ಗುಳಿಗೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಹೆರಿಗೆಯ ನಂತರದ ರಕ್ತಸ್ರಾವವಾದರೆ, ಮಾತ್ರೆ ಪಡೆದವರಲ್ಲಿ 6.4 ಮಂದಿಗೆ ಆಯಿತು. ವ್ಯತ್ಯಾಸ 5.6. ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಕ್ತಸ್ರಾವ ತಡೆಗಾಗಿ ಈ ಮಾತ್ರೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಭಾಗಾಕಾರವನ್ನು ಮಾಡುವವರು ಯಾರು ಎಂಬಲ್ಲಿ ತಮ್ಮ ಮೊದಲ ಪ್ರಶ್ನೆಯ ಉತ್ತರವಿದೆ. ಎಷ್ಟು ತಾಯಂದಿರು ಬೇಕು, ಯಾರಿಗೆ ಯಾವ ಗುಳಿಗೆ ಎಂಬುದು ಕೊಡುವವರಿಗೂ ತಿಳಿಯದಂತೆ ಹಂಚುವುದು ಹೇಗೆ, ಇವೆಲ್ಲ ಸಂಖ್ಯಾಶಾಸ್ತ್ರಜ್ಞರ ಕೆಲಸ. ಸಣ್ಣ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇನ್ನೂರು ಜನರ ಒಂದು ಓಣಿಯಲ್ಲಿ 40 ಮಂದಿಗೆ, ಇನ್ನೂರು ಜನರದೇ ಆದ ಪಕ್ಕದ ಓಣಿಯಲ್ಲಿ 4 ಮಂದಿಗೆ ವಾಂತಿ-ಭೇದಿ ಆಯಿತೆಂದುಕೊಳ್ಳಿ. ಒಂದು ಕಡೆ ನೂರಕ್ಕೆ 20, ಇನ್ನೊಂದು ಕಡೆ ನೂರಕ್ಕೆ 2. ಹತ್ತು ಪಟ್ಟು ಅಪಾಯ. ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಇದು ‘ಒಟ್ಟು 44’ ಎಂದು ದಾಖಲಾಗುತ್ತದೆ, ಓಣಿಯ ಹೆಸರಿರುವುದಿಲ್ಲ, ಸುಳಿವೂ ಅಲ್ಲಿಗೇ ಅಳಿಸಿಹೋಗುತ್ತದೆ.

ಗೌರವದ ಮಾತಿಗೆ ಬಂದರೆ, ಪ್ರಾಮಾಣಿಕವಾಗಿ ಹೇಳುತ್ತೇನೆ, ವೈದ್ಯರ ನಡುವೆ ವೈದ್ಯರಲ್ಲದವರನ್ನು ಊಟದ ಮೇಜಿನ ತುದಿಗೆ ಕೂಡಿಸುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ಅಧ್ಯಾಪಕರನ್ನು ಅತಿಥಿಗಳಾಗಿ ಕರೆಸುವ ಬದಲು ಕಾಯಂ ಆಗಿ ನೇಮಿಸಿಕೊಂಡ ವಿಭಾಗವೇ ಬೆಳೆಯುತ್ತದೆ.

ಪ್ರಶ್ನೆ: ವಿದೇಶಿ ವಿಶ್ವವಿದ್ಯಾಲಯಗಳ ನೆರವಿನಿಂದ ಆರಂಭವಾಗುವ ಇಂಥ ಪಠ್ಯಗಳು ನಮ್ಮ ಮೇಲೆ ಹೇರಿದ ಎರವಲು ಜ್ಞಾನವಲ್ಲವೇ?
— ನಿವೃತ್ತ ಶಿಕ್ಷಕರು, ಗೋಕಾಕ

ಉತ್ತರ: ಜ್ಞಾನ ಒಂದೇ ದಿಕ್ಕಿಗೆ ಹರಿದಿಲ್ಲ, ಗುರುಗಳೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸಲಾಯಿನ್ ಮುಗಿದುಹೋದ ಸ್ಥಿತಿಯಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಸಂಬಂಧಿಕರಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಜಗತ್ತಿನ ಯಾವ ಸಾರ್ವಜನಿಕ ಆರೋಗ್ಯ ಶಾಲೆಯೂ ಈ ಪಾಠವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ನಮ್ಮ ಬೆಳಗಾವಿಯಲ್ಲಿಯೂ ತಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಸಂಜೆ ಅಡ್ಡಾಡುವ ಎಷ್ಟೋ ಜನರಿಗೆ, ಒಂದು ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತೆಂಬುದು ಆ ಹೆಸರಿನಿಂದಲೂ ಹೊಳೆಯುವುದಿಲ್ಲ.

ಆದರೂ ತಮ್ಮ ಶಂಕೆಯಲ್ಲಿ ಹುರುಳಿದೆ. ನೆರವು ಬೇಡವೆಂದು ನಾನು ಹೇಳುವುದಿಲ್ಲ. ಯಾವುದಕ್ಕೆ ನೆರವು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಧ್ಯಾಪಕರ ತರಬೇತಿಗೆ, ಗ್ರಂಥಾಲಯಕ್ಕೆ, ಆರಂಭದ ವರ್ಷಗಳ ಜಂಟಿ ಪಾಠಗಳಿಗೆ ಹೊರಗಿನ ಹಣ ಬರಲಿ. ಅಧ್ಯಾಪಕರ ಸಂಬಳ ಮಾತ್ರ ಮೊದಲ ದಿನದಿಂದಲೇ ವಿಶ್ವವಿದ್ಯಾಲಯದ ಸ್ವಂತ ಆಯವ್ಯಯದಲ್ಲಿರಬೇಕು. ಐದು ವರ್ಷದ ಯೋಜನೆ ಮುಗಿದ ತಿಂಗಳೇ ವಿಭಾಗದ ಬಾಗಿಲಿಗೆ ಬೀಗ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಸಂಗ್ರಹಿಸಿದ ಮಾಹಿತಿಯ ಒಡೆತನ ಇಲ್ಲಿಯೇ ಉಳಿಯಬೇಕು, ಪ್ರಬಂಧದ ಲೇಖಕರಲ್ಲಿ ಇಲ್ಲಿನವರ ಹೆಸರು ಮೊದಲಿರಬೇಕು ಎಂಬ ಷರತ್ತುಗಳನ್ನು ಒಪ್ಪಂದದಲ್ಲಿ ಬರೆಯಿಸಲು ಸಂಕೋಚಪಡಬಾರದು. ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯವು 2004ರಲ್ಲಿ ಜೇಮ್ಸ್ ಪಿ. ಗ್ರಾಂಟ್ ಶಾಲೆಯನ್ನು ತೆರೆದಾಗ ಹೊರದೇಶಗಳ ಅಧ್ಯಾಪಕರನ್ನು ಧಾರಾಳವಾಗಿ ಕರೆಸಿಕೊಂಡಿತು. ಆದರೆ ಅವರು ಪಾಠ ಹೇಳಬೇಕಾದುದು ಸಾವರ್‌ನಲ್ಲಿ, ಬಾಂಗ್ಲಾದೇಶದ ಹಳ್ಳಿಗಳ ನಡುವೆ. ವಿದೇಶಗಳ ವಿದ್ಯಾರ್ಥಿಗಳೂ ಅಲ್ಲಿಗೇ ಬಂದು ಕಲಿತರು.

ಪ್ರಶ್ನೆ: ಸಮೀಕ್ಷೆಯ ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಕೊಟ್ಟು ಕನ್ನಡಕ್ಕೆ ತಿರುಗಿಸಿಕೊಳ್ಳಿ ಎನ್ನುತ್ತಾರೆ. ಪಠ್ಯಪುಸ್ತಕದ ಪದಗಳನ್ನು ಬಳಸಿದರೆ ಸಾಕೇ?
— ನರ್ಸಿಂಗ್ ವಿದ್ಯಾರ್ಥಿನಿ, ಹುಕ್ಕೇರಿ

ಉತ್ತರ: ಸಾಲದು. ‘ಕಳೆದ ಎರಡು ವಾರಗಳಲ್ಲಿ ಮಗುವಿಗೆ ಅತಿಸಾರವಾಗಿತ್ತೇ?’ ಎಂದು ಕೇಳಿದ ವಿದ್ಯಾರ್ಥಿಗೆ ತಾಯಿಯೊಬ್ಬರು ‘ಇಲ್ರಿ’ ಎಂದರು, ಅವನು ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿ ಎದ್ದ. ಜೊತೆಗಿದ್ದ ಆಶಾ ಕಾರ್ಯಕರ್ತೆ ‘ಅಕ್ಕಾ, ಕೂಸಿಗೆ ಸಂಡಾಸ ಹತ್ತಿತ್ತೇನ?’ ಎಂದು ಕೇಳಿದಾಗ ಆ ತಾಯಿ ಮೂರು ದಿನಗಳ ಕಥೆಯನ್ನು ಹೇಳಿದರು. ಪ್ರಶ್ನಾವಳಿಯನ್ನು ಮೊದಲು ಊರಿನ ಮಾತಿಗೆ ತಿರುಗಿಸಿ, ಬೇರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತರಿಸಿ ಹೋಲಿಸಿ ನೋಡಬೇಕು, ಆಮೇಲೆ ಹತ್ತು ಮನೆಗಳಲ್ಲಿ ಪ್ರಯೋಗಿಸಬೇಕು. ಗಡಿಭಾಗದ ಹಳ್ಳಿಗಳಿಗೆ ಮರಾಠಿಯಲ್ಲೂ ಒಂದು ಪ್ರತಿ ಇರಲಿ.

ಪ್ರಶ್ನೆ: ನಮ್ಮೂರಿಗೆ ಕಾಲೇಜಿನ ಹುಡುಗರು ಬರುತ್ತಾರೆ, ಮನೆ ಮನೆಗೆ ಹೋಗಿ ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಹೋದ ವರ್ಷ ರಕ್ತವನ್ನೂ ತೆಗೆದುಕೊಂಡು ಹೋದರು. ಊರಿಗೆ ಇದರಿಂದ ಏನು ಬಂತು ಎಂದು ಜನ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?
— ಗ್ರಾಮ ಪಂಚಾಯಿತಿ ಸದಸ್ಯರು, ಮುಧೋಳ ತಾಲ್ಲೂಕು

ಉತ್ತರ: ತಮ್ಮ ಪತ್ರವನ್ನು ಮೊದಲು ಓದಬೇಕಾದವರು ನನ್ನಂಥ ಅಧ್ಯಾಪಕರು. ರಕ್ತ ತೆಗೆದುಕೊಂಡವರಿಗೆ ಅದರ ಫಲಿತಾಂಶವನ್ನು ವೈಯಕ್ತಿಕವಾಗಿ, ಗುಟ್ಟಾಗಿ ತಿಳಿಸುವುದು, ರಕ್ತಹೀನತೆ ಕಂಡುಬಂದಿದ್ದರೆ ಮಾತ್ರೆ ಸಿಗುವಲ್ಲಿಗೆ ಕಳಿಸುವುದು ಕರ್ತವ್ಯ, ಅದು ಉಪಕಾರವಲ್ಲ. ಸಂಶೋಧನೆಗೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಪ್ರತಿಯೊಬ್ಬರಿಂದಲೂ ಅವರಿಗೆ ತಿಳಿಯುವ ಭಾಷೆಯಲ್ಲಿ ಸಮ್ಮತಿಪತ್ರ ಪಡೆಯಬೇಕು, ಬೇಡವೆಂದವರನ್ನು ಒತ್ತಾಯಿಸುವಂತಿಲ್ಲ. ಮುಂದಿನ ಸಲ ಹುಡುಗರು ಬಂದಾಗ ಆ ಒಪ್ಪಿಗೆಯ ಪತ್ರವನ್ನು ಕೇಳಿ ನೋಡಿ, ಅದರಲ್ಲಿರುವ ಮಾರ್ಗದರ್ಶಕರ ಹೆಸರು ಮತ್ತು ವಿಭಾಗದ ವಿಳಾಸವನ್ನು ಬರೆದಿಟ್ಟುಕೊಳ್ಳಿ.

ಸ್ನಾತಕೋತ್ತರ ವಿಭಾಗಗಳಿಗೆ ಒಂದು ನಿಯಮವಿರಬೇಕೆಂದು ನಾನು ಅಧ್ಯಯನ ಮಂಡಳಿಗಳಲ್ಲಿ ಹಲವು ಸಲ ವಾದಿಸಿದ್ದೇನೆ, ಹೆಚ್ಚಿನ ಸಲ ಸೋತಿದ್ದೇನೆ: ಯಾವ ಊರಿನಲ್ಲಿ ಮಾಹಿತಿ ಸಂಗ್ರಹಿಸಲಾಯಿತೋ ಆ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವರದಿ ಒಪ್ಪಿಸಿದ ದಾಖಲೆಯಿಲ್ಲದೆ ಪ್ರಬಂಧವನ್ನು ಮೌಲ್ಯಮಾಪನಕ್ಕೆ ಸ್ವೀಕರಿಸಬಾರದು. ‘ವಿದ್ಯಾರ್ಥಿಗೆ ಹೊರೆಯಾಗುತ್ತದೆ’ ಎಂಬುದು ಎದುರು ವಾದ. ಮೇಲೆ ಹೇಳಿದ ನಳದ ಗುಂಡಿಯ ಊರಿನಲ್ಲಿ ಇದನ್ನು ನಾವು ಮಾಡಿದೆವು. ಓಣಿಯ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ, ಕಪ್ಪಾದ ಬಾಟಲಿಯನ್ನೂ ಬಣ್ಣ ಬದಲಿಸದ ಬಾಟಲಿಯನ್ನೂ ಜನರ ಕೈಗೆ ಕೊಟ್ಟೆವು. ಹಿರಿಯರೊಬ್ಬರು ಗುಂಡಿ ಮುಚ್ಚಿದರೆ ನೀರು ಹ್ಯಾಂಗ ಬರಬೇಕ್ರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ವಿದ್ಯಾರ್ಥಿಗಳ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಸಭೆಯಲ್ಲಿದ್ದ ವಾಟರ್‌ಮನ್ನನೇ ಎದ್ದು, ಎರಡೂ ಓಣಿಗಳಿಗೆ ಒಟ್ಟಿಗೆ ಬಿಡುವ ಬದಲು ಒಂದೊಂದಕ್ಕೆ ಬೇರೆ ಹೊತ್ತಿನಲ್ಲಿ ನೀರು ಬಿಟ್ಟರೆ ಒತ್ತಡ ಏರುತ್ತದೆಂದೂ ಅದಕ್ಕೆ ಇನ್ನೊಂದು ವಾಲ್ವ್ ಬೇಕೆಂದೂ ಹೇಳಿದ. ಪಿ.ಡಿ.ಒ. ಅದನ್ನು ನಡಾವಳಿಯಲ್ಲಿ ಬರೆದುಕೊಂಡರು. ವಾಲ್ವ್ ಬರಲು ಐದು ತಿಂಗಳು ಹಿಡಿಯಿತು.

ತಮ್ಮೂರಿನಲ್ಲಿ ಹೋದ ವರ್ಷ ಬರೆದುಕೊಂಡು ಹೋದವರ ವಿಭಾಗಕ್ಕೆ ಪಂಚಾಯಿತಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದು, ವರದಿಯ ಕನ್ನಡ ಸಾರಾಂಶವನ್ನೂ ರಕ್ತಪರೀಕ್ಷೆಯ ಫಲಿತಾಂಶಗಳನ್ನೂ ಮುಂದಿನ ಗ್ರಾಮಸಭೆಯ ದಿನಾಂಕದೊಳಗೆ ಕೊಡಬೇಕೆಂದು ಕೇಳಿ. ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಕಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ.